ನಿಕ್ಕಲ್ ಮೇಲಿನ ಹೆಬ್ಬೆಟ್ಟು

ಗಡಿಯಾರದ ಹಿಂಬದಿ ಮುಚ್ಚಳ ತಿರುಚಿ ತೆಗೆದ ಕೂಡಲೇ ಶೈಲೇಶ ಕೈ ಹಿಂದೆಳೆದುಕೊಂಡ. ಇದರಲ್ಲೂ ಅದೇ. ಥಳಥಳಿಸಬೇಕಾದ ನಿಕ್ಕಲ್ ತಗಡಿನ ಮೇಲೆ ಕಂದುಬಣ್ಣದ ಹೆಬ್ಬೆಟ್ಟು. ಯಾವನೋ ಬರಿಗೈಯಲ್ಲಿ ಒತ್ತಿದ್ದ. ಅವನ ಜಿಡ್ಡು, ಬೆವರು ಲೋಹವನ್ನು ತಿಂದಿದ್ದವು. ಭೂತಗನ್ನಡಿಯಲ್ಲಿ ಎಲ್ಲ ಸ್ಪಷ್ಟ: ಸುತ್ತುಗೆರೆಗಳ ನಡುವೆ ಓರೆಯಾಗಿ ಒಂದು ಗೀರು, ಅದರ ಕೆಳತುದಿಯಲ್ಲಿ ಎರಡು ಕವಲು.

ಇದು ಮೂರನೆಯದು. ಮೂರೂ ನೂರು ವರ್ಷದ ಹಿಂದೆ ಅಮೆರಿಕದ ರೈಲು ನೌಕರರ ಜೇಬಿನಲ್ಲಿದ್ದ ಗಡಿಯಾರಗಳು. ಒಳಗಿನ ಯಂತ್ರದ ಮೇಲೆ ಕೆತ್ತಿದ ನಂಬರು ಹಿಡಿದು ಅವುಗಳ ಹುಟ್ಟಿದ ವರ್ಷ ಹುಡುಕಲು ಶೈಲೇಶ ರಜೆಯ ಎಷ್ಟೋ ಶುಕ್ರವಾರಗಳನ್ನು ಸುರಿದಿದ್ದ. ಆಮೇಲೆ ಎಂಟು ತಿಂಗಳು ಕಪಾಟಿನಲ್ಲಿಟ್ಟಿದ್ದ. ಮೂರನ್ನೂ ಮಾರಿದವನು ಒಬ್ಬನೇ, ಈ ಕೊಲ್ಲಿ ದೇಶದ ಅಲ್ ಮವಾಲೇಹ್ ಬಡಾವಣೆಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದ ಮಹ್ರೂಫ್.

"ಬಂಗುಡೆ ತಣಿಯುತ್ತದೆ. ಗಡಿಯಾರ ಎಲ್ಲಿಗೂ ಓಡಿಹೋಗ್ಲಿಕ್ಕಿಲ್ಲ!" ಹೆಂಡತಿ ಯಶ್ಮಿತಾ ಊಟದ ಮೇಜಿನಿಂದ ಕೂಗಿದಳು.

ಶೈಲೇಶ ಬೆರಳುಗಳನ್ನು ಟಿಶ್ಯೂವಿಗೆ ಒರೆಸಿ ಫೋಟೊ ತೆಗೆದ. ಹಳೆ ಗಡಿಯಾರ ಸಂಗ್ರಾಹಕರ ಮೊಬೈಲ್ ಗುಂಪಿಗೆ ಹಾಕಿದ: 'ಮಹ್ರೂಫನ ಕೊಳಕು ಕೈ ನೋಡಿ. ಇವನಿಂದ ಯಾರೂ ಕೊಳ್ಳಬೇಡಿ.'

ವಾರ ಕಳೆಯುವುದರೊಳಗೆ ಮಹ್ರೂಫ್ ಮನೆಬಾಗಿಲಿಗೆ ಬಂದ.

"ಶೈಲೇಶಣ್ಣ, ಕೊಡುವಾಗ ಕನ್ನಡಿ ಹಾಗೆ ಇತ್ತಲ್ಲ. ನೀವೇ ಬಿಚ್ಚಿ ನೋಡಿ ತಗೊಂಡದ್ದು."

"ಬೆವರಿನ ಉಪ್ಪು ನಿಧಾನಕ್ಕೆ ತಿನ್ನುವುದು ಮಾರಾಯ. ಮುಟ್ಟಿದ ದಿನ ಗೊತ್ತಾಗುದಿಲ್ಲ."

"ಗಿರಾಕಿ ಒಬ್ಬ ಬರುದಿಲ್ಲ ಈಗ. ಅಂಗಡಿ ಮುಚ್ಚಬೇಕಾದೀತು. ಬೇಕಾದ್ರೆ ನನ್ನ ಹೆಬ್ಬೆಟ್ಟು ಒತ್ತಿಸಿ, ತಾಳೆ ಮಾಡಿ ನೋಡಿ."

"ನಿನ್ನ ಕೈ ಮುಟ್ಲಿಕ್ಕೇ ಹೇಸಿಗೆ. ಖಲಾಸ್, ಹೋಗು."

ಎರಡು ತಿಂಗಳಲ್ಲಿ ಅಂಗಡಿ ಮುಚ್ಚಿತು. ಮಹ್ರೂಫ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತನ್ನೂರು ಉಳ್ಳಾಲಕ್ಕೆ ಮರಳಿದ ಸುದ್ದಿ ಗುಂಪಿನಲ್ಲಿ ಬಂದಾಗ ಶೈಲೇಶ ಎತ್ತಿದ ಹೆಬ್ಬೆರಳಿನ ಚಿತ್ರ ಕಳುಹಿಸಿದ.

ಅದೇ ವಾರ ಸರಕಾರಿ ಕಚೇರಿಯಲ್ಲಿ ಅವನ ರೆಸಿಡೆಂಟ್ ಕಾರ್ಡ್ ನವೀಕರಣವಿತ್ತು. ಬೆರಳಚ್ಚು ಯಂತ್ರದ ಗಾಜಿನ ಮೇಲೆ ಹಿಂದಿನವನ ಜಿಡ್ಡು ಮೆತ್ತಿಕೊಂಡಿತ್ತು. ಶೈಲೇಶ ಮುಖ ಸಿಂಡರಿಸಿ, ಅದನ್ನು ಒರೆಸಿ, ಬಲ ಹೆಬ್ಬೆರಳು ಇಟ್ಟ. ಗುಮಾಸ್ತ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತ, ಇನ್ನೂ ಗಟ್ಟಿಯಾಗಿ ಒತ್ತುವಂತೆ ಸನ್ನೆ ಮಾಡಿದ. ಪರದೆ ಅರ್ಧ ಇವನತ್ತ ತಿರುಗಿತ್ತು.

ಅದರ ಮೇಲೆ ಅವನ ಹೆಬ್ಬೆಟ್ಟು ಅಂಗೈಯಗಲ ಮೂಡಿತು: ಸುತ್ತುಗೆರೆಗಳು, ನಡುವೆ ಓರೆಯಾಗಿ ಒಂದು ಗೀರು, ಕೆಳತುದಿಯಲ್ಲಿ ಎರಡು ಕವಲು.