ನೀಲಿ ಡ್ರಮ್ಮು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಹೊಸ ನಿಯಮ ಬಂದಿತ್ತು. ಕೆಮಿಕಲ್ ಡ್ರಮ್ಮುಗಳಿಗೆಲ್ಲ ತಲೆಬುರುಡೆಯ ಹೊಸ ಚೀಟಿ ಅಂಟಿಸಬೇಕು. "ನೀಲಿ ಡ್ರಮ್ಮು ಒಂದೂ ಬಿಡಬೇಡ" ಎಂದಿದ್ದ ಸೂಪರ್‌ವೈಸರ್. ಓದು ಬಾರದ ಪುಟ್ಟನಂಜಮ್ಮ ಒಂದನ್ನೂ ಬಿಡಲಿಲ್ಲ.

ಮರುದಿನ, ತಪಾಸಣೆಗೆ ಬಂದ ಅಧಿಕಾರಿಯ ಎದುರಿಗೇ ಸೂಪರ್‌ವೈಸರ್ ಹೌಹಾರಿದ. "ಕುಡಿಯೋ ನೀರಿನ ಡ್ರಮ್ಮಿಗೂ ಅಂಟಿಸಿದ್ದೀಯಲ್ಲ, ಕಣ್ಣು ಕಾಣಲ್ವೇನೆ ನಿಂಗೆ? ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಹಂಗನ್ನಬ್ಯಾಡಿ ಸ್ವಾಮಿ. ಮಗಳು ಹೆರಿಗೆಗೆ ಬಂದವ್ಳೆ. ಈಗ್ಲೇ ಕಿತ್ತಾಕ್ತೀನಿ."

ಅವಳು ಅಲ್ಲೇ ಕುಕ್ಕರಿಸಿ ಉಗುರಿನಿಂದ ಕೆರೆಯತೊಡಗಿದಳು. ಹಾಳಾದ ಚೀಟಿ ಜಪ್ಪಯ್ಯ ಎಂದರೂ ಮೇಲೇಳಲಿಲ್ಲ.

ಅಧಿಕಾರಿ ಬಗ್ಗಿ, ಡ್ರಮ್ಮಿನ ಬುಡದಲ್ಲಿ ಉಬ್ಬಿಕೊಂಡಿದ್ದ ಅಕ್ಷರಗಳನ್ನು ಓದಿದರು. "ಇದರಲ್ಲಿ ಮೊದಲು ಕೆಮಿಕಲ್ ಇತ್ತಲ್ವಾ?"

"ಇತ್ತು ಸಾರ್. ಖಾಲಿಯಾದ್ಮೇಲೆ ಸೋಪು ಹಾಕಿ ತಿಕ್ಕಿಸಿದೀವಿ," ಎಂದ ಸೂಪರ್‌ವೈಸರ್, ಹೆಮ್ಮೆಯಿಂದಲೇ. "ಆಯುಧಪೂಜೆ ದಿನ ಕೆಲಸದೋರಿಗೆಲ್ಲ ಇಂಥದ್ದೇ ಒಂದೊಂದು ಉಡುಗೊರೆ ಕೊಟ್ವಿ. ಮನೇಲಿ ನೀರು ತುಂಬಿಟ್ಕೊಳ್ಳೋಕೆ."

"ಎಷ್ಟು ತಿಕ್ಕಿದ್ರೂ ಹೋಗೋ ವಿಷ ಅಲ್ಲಾರೀ ಇದು!" ಅಧಿಕಾರಿ ಅವಳ ಕಡೆ ತಿರುಗಿದರು. "ಕೀಳಬೇಡಮ್ಮ. ಚೀಟಿ ಸರಿಯಾದ ಕಡೆಯೇ ಇದೆ. ನಿನ್ನ ಕೆಲಸಕ್ಕೆ ಏನೂ ಆಗಲ್ಲ, ಏಳು."

ಪುಟ್ಟನಂಜಮ್ಮ ಏಳಲಿಲ್ಲ.

"ಸ್ವಾಮಿ, ನನ್ ಮಗಳು ಬಂದಾಗಿಂದ ಕುಡೀತಿರೋದು ಆ ಉಡುಗೊರೆ ಡ್ರಮ್ಮಿನ ನೀರ್ನೇ."