ಬಸುರಿಯ ಕೈ

ಯಶಸ್ವಿನಿಯ ಕೈ ತೊಟ್ಟಿಯ ಔಷಧಿ ನೀರಿಗೆ ಇಳಿಯಲು ಇನ್ನು ಗೇಣುದ್ದವೂ ಇರಲಿಲ್ಲ. ಹಾಸನದ ಬಸ್ಸಿಳಿದು ಹೊಲಕ್ಕೆ ಓಡಿಬಂದ ರಂಜಿತಾ ತನ್ನ ಓರಗಿತ್ತಿಯ ಆ ಕೈಯನ್ನು ಗಬಕ್ಕನೆ ಹಿಡಿದಳು. ಹಿಡಿದ ರಭಸಕ್ಕೆ ಎರಡು ಹಸಿರು ಬಳೆ ಒಡೆದು ಆಲೂಗೆಡ್ಡೆ ಹೋಳುಗಳ ಮೇಲೆ ಬಿದ್ದವು.

"ಏನ್ ಬಂದೈತೆ ನಿಂಗೆ?" ಅತ್ತೆ ಸುವರ್ಣಮ್ಮ ಅರಚಿದರು. "ಐದು ತಿಂಗಳ ಬಸುರಿ ಬಳೆ ಒಡೀತೀಯಲ್ಲ, ಅದೂ ಬಿತ್ತನೆ ದಿನ!"

"ಅವ್ಳು ಇದ್ನ ಮುಟ್ಟೋದು ಬ್ಯಾಡ ಅತ್ತೆ."

ಅರಕಲಗೂಡು ಸೀಮೆಯಲ್ಲಿ ಆಲೂಗೆಡ್ಡೆ ಬಿತ್ತುವವರು ಬೇಕಾದಷ್ಟಿದ್ದಾರೆ. ಆದರೆ ಈ ಮನೆಯವರಿಗೆ ಮಾತ್ರ ಹೋಳು ಮಾಡಿದ ಬೀಜವನ್ನು ಮೊದಲು ಅದ್ದಲು ಬಸುರಿಯೇ ಆಗಬೇಕು. ಮಡಿಲು ತುಂಬಿದವಳ ಕೈ ತಾಗಿದರೆ ನೆಲವೂ ತುಂಬುತ್ತದಂತೆ. ಹಿಂದೆ ಅದ್ದುತ್ತಿದ್ದದ್ದು ಬೂದಿ ನೀರಿಗೆ, ಈಗ ಅಂಗಡಿಯ ಔಷಧಿಗೆ. ಬೂದಿ ಹೋಯಿತು, ಬಸುರಿ ಮಾತ್ರ ಉಳಿದಳು.

ನಾಲ್ಕು ವರ್ಷದ ಹಿಂದೆ ಆ ಕೈ ರಂಜಿತಾಳದ್ದೇ. ಆಳು ಸಾಲದೆಂದು ಮೂರು ದಿನ ಮೊಣಕೈವರೆಗೆ ಅದ್ದಿದ್ದಳು. ಆಗ ಹೊಟ್ಟೆಯಲ್ಲಿದ್ದ ಮಗ ಈಗ ರಕ್ತದ ಕ್ಯಾನ್ಸರ್ ಬಂದು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. "ಬಸುರಿಯಾಗಿದ್ದಾಗ ಬೆಳೆ ಔಷಧಿ ಏನಾದ್ರೂ ಮುಟ್ಟಿದ್ರಾ?" ಎಂದು ಡಾಕ್ಟರು ಕೇಳಿದಾಗ ಪಕ್ಕದಲ್ಲಿದ್ದ ಅತ್ತೆಯೇ ಬಾಯಿ ಹಾಕಿ, "ನಮ್ಮನೇಲಿ ಬಸುರೀನ ಹೊಲಕ್ಕೇ ಬಿಡಾಕಿಲ್ಲ ಸಾ" ಎಂದಿದ್ದರು. ರಂಜಿತಾ ಹೌದೆಂದು ತಲೆಯಾಡಿಸಿದ್ದಳು. ಎಂಟು ದಿನದಿಂದ ಆ ಸುಳ್ಳು ಅವಳನ್ನು ಸುಡುತ್ತಿತ್ತು.

"ಬೆಳಿಗ್ಗೆ ಡಾಕ್ಟರಿಗೆ ನಿಜ ಹೇಳ್ಬುಟ್ಟೆ" ಎಂದಳು.

ಸುವರ್ಣಮ್ಮನ ಮುಖ ಕಪ್ಪಿಟ್ಟಿತು. "ನನ್ನಿಂದ್ಲೇ ಮಗೀಗೆ ಅಂಗಾಯ್ತು ಅಂದ್ರಾ?"

"ಇಲ್ಲ. ಇದ್ರಿಂದ್ಲೇ ಬಂತು ಅಂತ ಯಾರೂ ಹೇಳಾಕಾಗಲ್ಲ ಅಂದ್ರು. ಆದ್ರೆ ಹೊಟ್ಟೇಲಿರೋ ಕೂಸಿಗೆ ಇಂಥದ್ರಿಂದ ಅಪಾಯ ಜಾಸ್ತಿ ಆಗ್ಬೋದು, ಬಸುರೀರ್ನ ದೂರ ಇಡಿ ಅಂದ್ರು. ಇವತ್ತು ಬಿತ್ತನೆ ಅಂತ ನೆನಪಾಯ್ತು, ಮಗೀನ ಅವ್ರಪ್ಪನ ಕೈಲಿ ಬಿಟ್ಟು ಓಡ್ಬಂದೆ."

"ನಾನೂ ಮೂರ್ ಬಸುರಲ್ಲೂ ಅದ್ದೀನಿ ಕಣೆ. ನನ್ ಮಕ್ಳು ಗುಂಡ್ಕಲ್ಲಂಗವ್ರೆ!"

"ನೀವು ಅದ್ದಿದ್ದು ಬೂದೀಗೆ ಅತ್ತೆ."

ಗೆಡ್ಡೆ ಕುಯ್ಯುತ್ತಿದ್ದ ಆಳುಗಳ ಕೈ ನಿಂತಿತ್ತು. ಏನು ಮಾತಾಡುತ್ತಿದ್ದಾರೆಂದು ಅಷ್ಟು ದೂರಕ್ಕೆ ಅವರಿಗೆ ಕೇಳಿಸುತ್ತಿರಲಿಲ್ಲ. ಯಶಸ್ವಿನಿ ಕೈ ಬಿಡಿಸಿಕೊಂಡು ಹೊಟ್ಟೆ ಹಿಡಿದುಕೊಂಡಳು. ಸುವರ್ಣಮ್ಮ ತೊಟ್ಟಿಯನ್ನೊಮ್ಮೆ, ಆ ಹೊಟ್ಟೆಯನ್ನೊಮ್ಮೆ ನೋಡಿದರು.

"ನೀನು ಮನೆಗೋಗವ್ವ" ಎಂದರು ಕೊನೆಗೆ, ಕಿರಿಸೊಸೆಗೆ. "ನಮ್ ಮನೇಗೆ ಒಂದು ಸಾಕು."

ರಂಜಿತಾಳಿಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಕಾಲು ಮುಟ್ಟಬೇಕೆನ್ನಿಸಿತು, ಅಳುವೂ ಬಂತು.

ಅಷ್ಟರಲ್ಲಿ ಸುವರ್ಣಮ್ಮ ಆಳುಗಳತ್ತ ತಿರುಗಿ ಕೂಗಿದರು. "ಕೆಂಪಣ್ಣಾ, ನಿನ್ ಸೊಸೆಗೂ ಆರು ತಿಂಗ್ಳಲ್ವಾ? ಕಳ್ಸು ಇತ್ಲಾಗೆ. ಈ ಸಲ ಅವ್ಳೇ ಅದ್ದಲಿ."

ಆ ಹುಡುಗಿ ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎಂದೂ ಸಿಗದಿದ್ದ ಮರ್ಯಾದೆಗೆ ನಾಚುತ್ತಾ ಬಂದಳು. ತೊಟ್ಟಿಗೆ ಬಾಗಿದಳು. ರಂಜಿತಾ ಅವಳ ಕೈಯನ್ನೂ ಹಿಡಿದಳು.

ಹುಡುಗಿಯ ಮುಖದ ನಗು ಆರಿಹೋಯಿತು.

"ಯಾಕ್ರವ್ವಾ," ಎಂದಳು ಮೆಲ್ಲಗೆ, "ನಮ್ಮಂತೋರ್ ಕೈ ಆಗಾಕಿಲ್ವಾ?"