ಕಪ್ತಾನ ಸಾಯದ ಊರು

ಸಿನಿಮಾದ ವಿರಾಮದಲ್ಲೇ ಅಪ್ಪನನ್ನು ಎಬ್ಬಿಸಿಕೊಂಡು ಹೋಗಬೇಕೆಂದು ಮಗಳು ಹೂಡಿದ ಉಪಾಯ ಒಂದೂ ನಡೆಯಲಿಲ್ಲ. ತಲೆನೋವು ಎಂದಳು, ಅವನು ಜೇಬಿನಿಂದ ಮಾತ್ರೆ ತೆಗೆದುಕೊಟ್ಟ. ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದಳು. ಬೀಗ ಎಳೆದು ನೋಡಿದವನು ತಾನೇ ಎಂದ. ಇನ್ನು ದಾರಿಯಿಲ್ಲವೆಂದು ಅವಳು ಸುಮ್ಮನೆ ಪಕ್ಕದಲ್ಲಿ ಕೂತಳು.

ಅಪ್ಪ ಊರಿನ ಹಳೆಯ ಥಿಯೇಟರಿನ ಆಪರೇಟರ್ ಆಗಿದ್ದವನು. ಬಾಹ್ಯಾಕಾಶದ ಆ ಸರಣಿಯ ಚಿತ್ರಗಳನ್ನೆಲ್ಲ ಊರಿಗೆ ತೋರಿಸಿದವನು ಅವನೇ. ಆದರೆ ಒಂದನ್ನೂ ಕುರ್ಚಿಯಲ್ಲಿ ಕೂತು ನೋಡಿದವನಲ್ಲ. ಆಪರೇಟರ್ ನೋಡುವುದು ಬೆಳಕು ಸರಿಯಿದೆಯೇ, ರೀಲು ಬದಲಿಸುವ ಚುಕ್ಕೆ ಪರದೆಯ ಮೂಲೆಯಲ್ಲಿ ಬಂತೇ ಎಂದು. ಕಥೆ ನೋಡಿಕೊಂಡು ಕೂತರೆ ಕೆಲಸ ಕೆಡುತ್ತದೆ. ಈಗ ಎರಡನೆಯ ಭಾಗ ಹೊಸ ಮೆರುಗು ಪಡೆದು ಮತ್ತೆ ಬಿಡುಗಡೆಯಾಗಿತ್ತು. ಈ ಸಲವಾದರೂ ಕೂತು ನೋಡಿಯೇ ತೀರುತ್ತೇನೆಂದು ಹಟ ಹಿಡಿದು, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಮ್ಯಾಟಿನಿಗೆ ಬಂದಿದ್ದ.

ಮಗಳು ಅವನನ್ನು ಎಬ್ಬಿಸಲು ಒದ್ದಾಡಿದ್ದು ಅದಕ್ಕೇ. ಆ ಚಿತ್ರವನ್ನು ಅಪ್ಪ ಅಷ್ಟೂ ವರ್ಷ ತಪ್ಪಾಗಿ ತೋರಿಸಿದ್ದ. ಥಿಯೇಟರಿನ ಮಾಲೀಕರು ಅದರ ಹಳೆಯ ಪ್ರಿಂಟೊಂದನ್ನು ಕೊಂಡಿಟ್ಟಿದ್ದರು. ಶಾಲೆಗೆ ರಜೆ ಬಂತೆಂದರೆ ಅದೇ ಚಿತ್ರ. ಕೊನೆಯ ರೀಲಿಗೆ ಮುಂಚಿನ ಎರಡು ಡಬ್ಬಗಳ ಮೇಲೆ ಯಾರೋ ಪುಣ್ಯಾತ್ಮರು ಸಂಖ್ಯೆ ಅದಲುಬದಲು ಬರೆದಿದ್ದರು. ಬಾಹ್ಯಾಕಾಶ ನೌಕೆಯ ಕಪ್ತಾನ ಸಂಗಡಿಗರ ಜೊತೆ ನಗುನಗುತ್ತ ಉಂಡು, ಅವರನ್ನು ತಬ್ಬಿ ಬೀಳ್ಕೊಂಡು, ಒಬ್ಬನೇ ಯುದ್ಧಕ್ಕೆ ಹೋಗಿ ನೌಕೆಯೊಂದಿಗೆ ಸುಟ್ಟುಹೋಗುತ್ತಾನೆ. ಇದು ಲೋಕವೆಲ್ಲ ನೋಡಿದ ಕಥೆ. ಈ ಊರಿನಲ್ಲಿ ಮಾತ್ರ ಸುಟ್ಟುಹೋದ ಕಪ್ತಾನ ಮುಂದಿನ ರೀಲಿನಲ್ಲಿ ಮೈಮೇಲೆ ಒಂದು ಗೀರೂ ಇಲ್ಲದೆ ಬಾಗಿಲು ತಳ್ಳಿಕೊಂಡು ಬಂದು ಊಟಕ್ಕೆ ಕೂರುತ್ತಿದ್ದ.

ಸಿಳ್ಳೆಗೆ ಥಿಯೇಟರಿನ ಸೂರು ಕಿತ್ತುಹೋಗುತ್ತಿತ್ತು. ಅನ್ಯಗ್ರಹದ ಕಥೆಯಲ್ಲಿ ಸತ್ತವನು ಎದ್ದು ಬರುವುದೇನು ಮಹಾ ಎಂದುಕೊಂಡು ಯಾರೂ ಅನುಮಾನಪಡಲಿಲ್ಲ. ಕೊನೆಯಲ್ಲಿ ಸಂಗಡಿಗರು ನಕ್ಷತ್ರಗಳನ್ನು ನೋಡುತ್ತ ಕಣ್ಣೀರಿಡುವುದು ಆನಂದಬಾಷ್ಪವೆಂದೇ ಎಲ್ಲರೂ ತಿಳಿದರು. ಮುಂದಿನ ಭಾಗದಲ್ಲಿ ಕಪ್ತಾನನ ಸುಳಿವೇ ಇಲ್ಲವಲ್ಲ ಎಂದರೆ ಸೈಕಲ್ ಷಾಪಿನವನ ಬಳಿ ಉತ್ತರ ಸಿದ್ಧವಿತ್ತು: ರಿಟೈರ್ ಆದ, ಅದಕ್ಕೇ ಊಟ ಹಾಕಿಸಿ ಕಳಿಸಿಕೊಟ್ಟರು. ಪರೀಕ್ಷೆಯಲ್ಲಿ ಫೇಲಾದವರಿಗೂ, ಜ್ವರದಲ್ಲಿ ಮಲಗಿದವರಿಗೂ ಊರವರು ಹೇಳುತ್ತಿದ್ದ ಸಮಾಧಾನ ಒಂದೇ. ಕಪ್ತಾನನೇ ಎದ್ದು ಬಂದ, ನಿಂದೇನು ಮಹಾ!

ಓದಲು ಬೇರೆ ಊರಿಗೆ ಹೋದಾಗ ಮಗಳಿಗೆ ನಿಜ ಗೊತ್ತಾಯಿತು. ಕಪ್ತಾನ ಬದುಕಿದ್ದಾನೆಂದು ಹಾಸ್ಟೆಲಿನಲ್ಲಿ ವಾದಕ್ಕಿಳಿದು, ಎಲ್ಲರ ನಗೆಪಾಟಲಿಗೆ ಗುರಿಯಾದಳು. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ತನ್ನ ಕೈಯಲ್ಲಿ ಒಂದು ರೀಲೂ ಹೆಚ್ಚುಕಡಿಮೆಯಾಗಿಲ್ಲ ಎಂಬುದು ಅವನ ಬದುಕಿನ ದೊಡ್ಡ ಹೆಮ್ಮೆ. ರಜೆಗೆ ಬಂದಾಗಲೆಲ್ಲ ಅವಳು ಮುಂದಿನ ಸಾಲಿನಲ್ಲಿ ಕೂತು ಅದೇ ಚಿತ್ರ ನೋಡಿದಳು, ಕಪ್ತಾನ ಬಾಗಿಲು ತಳ್ಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಮಧ್ಯಾಹ್ನಗಳ ಸುಖ ನೆನೆದರೆ ಈಗಲೂ ಅವಳಿಗೆ ಮೈ ಹಗುರಾಗುತ್ತದೆ.

ವಿರಾಮ ಮುಗಿದ ಮೇಲೆ, ಪರದೆಯಲ್ಲಿ ಊಟದ ದೃಶ್ಯವೇ ಮೊದಲು ಬಂತು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ನೌಕೆ ಸುಟ್ಟಿತು, ಸಂಗಡಿಗರು ಅತ್ತರು, ದೀಪ ಹತ್ತಿತು. ಹಳಬರು ಯಾರೂ ಏಳಲಿಲ್ಲ. ಆಮೇಲೆ ಸೈಕಲ್ ಷಾಪಿನವ ನೆಟ್ಟಗೆ ಮ್ಯಾನೇಜರ್ ಹುಡುಗಿಯ ಬಳಿ ಹೋಗಿ, ಚಿತ್ರ ಕತ್ತರಿಸಿದ್ದೀರೆಂದು ಜಗಳ ತೆಗೆದ. ಅವನ ಹಿಂದೆ ಅರ್ಧ ಥಿಯೇಟರು. ಎಲ್ಲ ಕಡೆಯೂ ಇರುವುದೇ ಹೀಗೆ ಎಂದು ಆಕೆ ಎಷ್ಟು ಹೇಳಿದರೂ ಕೇಳುವವರಿಲ್ಲ.

"ಕಪ್ತಾನ ವಾಪಸ್ ಬಂದು ಊಟಕ್ಕೆ ಕೂರ್ತಾನಮ್ಮ. ನಾವು ನೋಡಿ ಬೆಳೆದಿದ್ದು," ಎಂದ ಅವನು. "ಬೇಕಾದ್ರೆ ನಮ್ಮ ಆಪರೇಟರನ್ನೇ ಕೇಳಿ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಮಗಳು ಅವನ ಕೈ ಹಿಡಿದುಕೊಂಡಳು. ಅವನಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಆ ಹುಡುಗಿಯನ್ನು ಬೈಯಬೇಡಿ, ಡಬ್ಬ ಹಿಂದುಮುಂದಾಗಿದ್ದು ನನ್ನ ಕೈಯಲ್ಲಿ ಎಂದು ಅಷ್ಟು ಜನರ ಮುಂದೆ ಹೇಳಿಬಿಟ್ಟ. ಸೈಕಲ್ ಷಾಪಿನವ, ಹಾಗಾದರೆ ನಿಮ್ಮ ಪಿಕ್ಚರೇ ವಾಸಿ ಎಂದು ಅಪ್ಪನ ಬೆನ್ನು ತಟ್ಟಿ ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಅಪ್ಪನ ಮುಖ ಮಾತ್ರ ಸಪ್ಪಗೇ ಇತ್ತು.

ಹೊರಗೆ ಬಂದು, ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತ.

"ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?"

"ಕಾಲೇಜಿಗೆ ಹೋದಾಗಿಂದ."

"ಒಂದು ಮಾತು ಹೇಳಬಾರದಿತ್ತಾ? ನನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆಯಾ?"

ಹೌದು ಎಂದುಬಿಡುವುದು ಸುಲಭವಿತ್ತು. ಮಗಳು ಅವನ ಪಕ್ಕದಲ್ಲೇ ಕೂತಳು.

"ಅದೂ ಇತ್ತು. ಆದ್ರೆ, ಹೇಳಿದ್ರೆ ನೀನು ಸರಿ ಮಾಡಿಬಿಡ್ತಿದ್ದೆ, ಅಪ್ಪ."